ಜಾಡಿಯ ತಳದ ಬಿಳುಪು

ಅವನಿಗೆ ಕದಡಪ್ಪ ಎಂದು ಹೆಸರಿಟ್ಟವರು ಯಾರೆಂದು ಆ ಪ್ರಯೋಗಾಲಯದಲ್ಲಿ ಯಾರಿಗೂ ನೆನಪಿಲ್ಲ. ಯಾರೇ ಇಟ್ಟಿರಲಿ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಟೀಗೆ ಸಕ್ಕರೆ ಹಾಕಿರಲಿ ಬಿಡಲಿ, ಚಮಚ ಆಡಿಸದೆ ಲೋಟವನ್ನು ತುಟಿಗೆ ಮುಟ್ಟಿಸುವವನಲ್ಲ ಅವನು. ಕೆಮ್ಮಿನ ಔಷಧಿಯ ಶೀಶೆಯನ್ನು ಅಲ್ಲಾಡಿಸದೆ ಕುಡಿಯುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಅವನು ಹೇಳಿಕೊಡುತ್ತಿದ್ದದ್ದು ಒಂದೇ ಪಾಠ: ಕದಡು, ಮತ್ತೆ ಕದಡು, ಕದಡಿದ್ದಾಯಿತು ಅನ್ನಿಸಿದರೆ ಇನ್ನೊಂದು ಸಲ ಕದಡು. ಇಪ್ಪತ್ತೇಳು ವರ್ಷ ಹೀಗೆ ಕಂಡವರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ಒಂದು ದಿನ, ಒಂದೇ ಒಂದು ದಿನ, ತಾನು ಕದಡಲಿಲ್ಲ. ಅದರ ಕಥೆ ಇದು.

ಅವನ ಕೆಲಸ ಏನೆಂದು ಕೇಳಿದವರು ಉತ್ತರ ಕೇಳಿ ನಗದೆ ಇರುತ್ತಿರಲಿಲ್ಲ. ಯಾವ ಟೂತ್‌ಪೇಸ್ಟು ಹಲ್ಲನ್ನು ಎಷ್ಟು ಸವೆಸುತ್ತದೆ ಎಂದು ಅಳೆಯುವುದು ಅವನ ಕೆಲಸ. ದಿನವಿಡೀ ಹಲ್ಲುಜ್ಜುವುದಕ್ಕೆ ಸಂಬಳ ಕೊಡುತ್ತಾರೆ ಅನ್ನಿ ಎಂದು ನೆಂಟರಲ್ಲಿ ಯಾರಾದರೂ ಚುಡಾಯಿಸಿದರೆ, ಉಜ್ಜುವುದು ನಾನಲ್ಲ, ಯಂತ್ರ, ಅದೂ ಒಂದೇ ಸಲಕ್ಕೆ ಎಂಟು ಬಾಯಿ ಎಂದು ನಗದೆಯೇ ಹೇಳುತ್ತಿದ್ದ. ಕಡಲೆ ಇದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆಯಿಲ್ಲ ಅನ್ನುತ್ತಾರಲ್ಲ, ಅವನ ಬಳಿ ಹಲ್ಲಿಗಂತೂ ಬರವಿರಲಿಲ್ಲ. ಹಲ್ಲಿನ ವೈದ್ಯರು ಕಿತ್ತು ಕಳಿಸಿದವು ಡಬ್ಬಿಗಟ್ಟಲೆ ನೀರಿನಲ್ಲಿ ಮುಳುಗಿಕೊಂಡು ಅವನ ಕಪಾಟಿನಲ್ಲಿ ಕೂತಿರುತ್ತಿದ್ದವು.

ಯಂತ್ರ ಇದ್ದದ್ದು ಎರಡನೇ ಮಹಡಿಯ ಉದ್ದನೆಯ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕಲ್ಲಿನ ಮೇಜಿನ ಮೇಲೆ. ಸಾಲಾಗಿ ಎಂಟು ಟ್ರೇ, ಒಂದೊಂದರ ಮೇಲೂ ಒಂದು ಬ್ರಷ್ಷು. ಟ್ರೇಯ ತಳದಲ್ಲಿ ಯಾರದೋ ಹಲ್ಲಿನ ಬೇರಿನ ತುಂಡು, ರಾಳದ ಅಚ್ಚಿನಲ್ಲಿ ಕೂರಿಸಿದ್ದು. ಹಲ್ಲಿನ ಮೇಲಿನ ಬಿಳಿ ಕವಚ ಕಲ್ಲಿನಂಥದ್ದು, ಅದು ಬ್ರಷ್ಷಿಗೆಲ್ಲ ಜಗ್ಗುವುದಿಲ್ಲ. ವಯಸ್ಸಾಗಿ ವಸಡು ಸರಿದಾಗ ಹೊರಗೆ ಕಾಣುವ ಬೇರು ಮಾತ್ರ ಮೆತ್ತಗಿನದು, ಸವೆಯುವುದು ಅದೇ. ಅದಕ್ಕೇ ಪರೀಕ್ಷೆಯೂ ಅದರ ಮೇಲೆ. ಬೇರಿನ ಎರಡು ಕಡೆ ಟೇಪು ಅಂಟಿಸಿ ನಡುವೆ ಸಣ್ಣ ಓಣಿಯಷ್ಟು ಜಾಗ ಬಿಟ್ಟು, ಬ್ರಷ್ಷನ್ನು ಹತ್ತು ಸಾವಿರ ಸಲ ಆಚೆ ಈಚೆ ಓಡಿಸುವುದು. ಆಮೇಲೆ ಟೇಪು ಕಿತ್ತು, ಕೂದಲಿಗಿಂತ ಸಪೂರವಾದ ಸೂಜಿಯೊಂದನ್ನು ಅದರ ಮೇಲೆ ನಡೆಸುವುದು. ಸೂಜಿ ನಡೆಯುತ್ತ ನಡೆಯುತ್ತ ಸವೆದ ಗುಂಡಿಗೆ ಇಳಿಯುತ್ತದೆ, ಎಷ್ಟು ಇಳಿಯಿತೆಂದು ಕಾಗದದ ಮೇಲೆ ಗೆರೆ ಬೀಳುತ್ತದೆ.

ಆ ಗುಂಡಿಯ ಆಳವೊಂದರಿಂದಲೇ ಏನೂ ಗೊತ್ತಾಗುವುದಿಲ್ಲ. ಒಂದು ಹಲ್ಲು ಗಟ್ಟಿ, ಒಂದು ಮೆದು. ಅದಕ್ಕೆಂದು ಎಲ್ಲರೂ ಒಪ್ಪಿಕೊಂಡ ಒಂದು ಅಳತೆ ಪುಡಿ ಇದೆ. ಅದು ಕೊರೆದ ಗುಂಡಿಯನ್ನು ನೂರು ಎಂದು ಇಟ್ಟುಕೊಳ್ಳುತ್ತಾರೆ. ಮೊದಲು ಪುಡಿ, ನಡುವೆ ಪೇಸ್ಟು, ಕೊನೆಗೆ ಮತ್ತೆ ಪುಡಿ. ಪೇಸ್ಟಿನ ಗುಂಡಿ ಪುಡಿಯದರ ಅರ್ಧವಿದ್ದರೆ ಐವತ್ತು, ಎರಡರಷ್ಟಿದ್ದರೆ ಇನ್ನೂರು. ಇನ್ನೂರೈವತ್ತರ ಆಚೆ ಹೋಗಬಾರದೆಂಬುದು ಕಟ್ಟಕಡೆಯ ಮೇರೆ. ಅವನು ಕೆಲಸಕ್ಕೆ ಸೇರಿದ ಕಾಲದಲ್ಲಿ ಇನ್ನೊಂದು ವಿಧಾನ ನಡೆಯುತ್ತಿತ್ತು: ಹಲ್ಲನ್ನು ಮೊದಲೇ ವಿಕಿರಣಕ್ಕೆ ಒಡ್ಡಿಟ್ಟು, ಉಜ್ಜಿದ ಮೇಲೆ ನೀರಿಗೆ ಎಷ್ಟು ಹಲ್ಲು ಸೇರಿತೆಂದು ಇನ್ನೊಂದು ಯಂತ್ರದಿಂದ ಎಣಿಸುವುದು. ಆ ಕೋಣೆಯಲ್ಲಿ ಬಿಸ್ಕತ್ತು ತಿನ್ನಲೂ ಬಿಡುತ್ತಿರಲಿಲ್ಲ. ಸೂಜಿ ಬಂದ ಮೇಲೆ ಅವನಿಗೆ ನಿರಾಳವಾಗಿತ್ತು. ಸೂಜಿ ಸುಳ್ಳು ಹೇಳುವುದಿಲ್ಲ ಎಂದು ಅವನು ಆಗಾಗ ಹೇಳುತ್ತಿದ್ದ. ಅದು ನಿಜವೇ. ಸೂಜಿ ಸುಳ್ಳು ಹೇಳಲಿಲ್ಲ.

ಪೇಸ್ಟನ್ನು ಹಾಗೆಯೇ ಮೆತ್ತುವುದಿಲ್ಲ. ಬಾಯಲ್ಲಿ ಎಂಜಲು ಸೇರುವ ಹಾಗೆ ನೀರು ಸೇರಿಸಿ, ದೊಡ್ಡ ಗಾಜಿನ ಜಾಡಿಯಲ್ಲಿ ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು ಎಂಟು ಟ್ರೇಗೂ ಸುರಿಯಬೇಕು. ಹಲ್ಲನ್ನು ಉಜ್ಜುವುದು ಪೇಸ್ಟಿನಲ್ಲಿರುವ ಸಣ್ಣ ಪುಡಿ. ಆ ಪುಡಿ ಭಾರ. ಬಿಟ್ಟರೆ ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಮೇಲಿನ ತೆಳಿಯನ್ನಷ್ಟೇ ಸುರಿದರೆ ಬ್ರಷ್ಷು ಹಲ್ಲನ್ನು ಸವರುತ್ತದೆ, ಅಷ್ಟೆ. ಕದಡಬೇಕಾದದ್ದು ಇದಕ್ಕೆ.

ಅವತ್ತು ಬಂದದ್ದು ನೀಲಿ ಮುಚ್ಚಳದ ಹೊಸ ಪೇಸ್ಟು. ಮಧ್ಯಾಹ್ನದ ಊಟವಾದ ಮೇಲೆ ಅವನು ಜಾಡಿಯಲ್ಲಿ ಚೆನ್ನಾಗಿಯೇ ಕದಡಿ ಇಟ್ಟ. ಸುರಿಯಬೇಕು ಅನ್ನುವಷ್ಟರಲ್ಲಿ ಫೋನು ಬಂತು, ಅಕ್ಕನದು. ಅಕ್ಕನ ಫೋನನ್ನು ನಡುವೆ ಕತ್ತರಿಸುವ ಧೈರ್ಯ ಅವನಿಗೆ ಐವತ್ತಾರು ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ. ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ಕೆಲಸಕ್ಕೆ ಹೋದಾಗ ಮನೆಯಲ್ಲಿ ಅವನ ಮೂಗು ಒರೆಸಿ, ಚಡ್ಡಿ ಹೊಲಿದು, ಪಾಠ ಒಪ್ಪಿಸಿಕೊಂಡು ಬೆಳೆಸಿದವಳು. ಈಗ ಗಂಡ ತೀರಿಕೊಂಡ ಮೇಲೆ ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿ ಒಬ್ಬಳೇ ಇದ್ದು ಬಟ್ಟೆ ಹೊಲಿಯುತ್ತಿದ್ದಳು. ಅವತ್ತಿನ ದೂರು, ಮೇಲಿನ ಮನೆಯ ಲೆಕ್ಕದ ಟೀಚರ್ ಒಣಹಾಕಿದ ಬಟ್ಟೆಯಿಂದ ಅಕ್ಕ ಹೊಲಿದಿಟ್ಟ ರವಿಕೆಗಳ ಮೇಲೆ ನೀರು ತೊಟ್ಟಿಕ್ಕುತ್ತದೆ ಎಂಬುದು. ಹತ್ತು ನಿಮಿಷ ದೂರು, ಹತ್ತು ನಿಮಿಷ ಆ ಟೀಚರಿನ ಸ್ವಭಾವದ ವರ್ಣನೆ. ಅವನು ಹೂಂ ಹೂಂ ಎನ್ನುತ್ತ ಕಿಟಕಿಯ ಬಳಿ ನಿಂತಿದ್ದ.

ಫೋನು ಇಟ್ಟು ಬಂದವನು ಗಡಿಯಾರ ನೋಡಿದ, ಜಾಡಿ ಎತ್ತಿದ, ಎಂಟು ಟ್ರೇಗೂ ಸುರಿದ, ಗುಂಡಿ ಒತ್ತಿದ. ಯಂತ್ರ ಸರಸರ ಶುರುವಾಯಿತು. ಆಮೇಲೆ ಜಾಡಿ ತೊಳೆಯಲು ನಲ್ಲಿಯ ಕೆಳಗೆ ಹಿಡಿದಾಗ ಕಂಡಿತು. ತಳದಲ್ಲಿ ಬೆರಳು ಗಾತ್ರದ ಬಿಳುಪು, ಸುಣ್ಣ ಮೆತ್ತಿದ ಹಾಗೆ ಗಟ್ಟಿಯಾಗಿ ಕೂತಿತ್ತು.

ಆಗಲೂ ಏನೂ ಕೆಟ್ಟಿರಲಿಲ್ಲ. ಯಂತ್ರದ ಎಣಿಕೆ ಇನ್ನೂ ಮುನ್ನೂರು ದಾಟಿರಲಿಲ್ಲ. ನಿಲ್ಲಿಸಿ, ಎಂಟು ಟ್ರೇ ಚೆಲ್ಲಿ, ಹೊಸದಾಗಿ ಶುರುಮಾಡಬಹುದಿತ್ತು. ಒಂದು ಮಧ್ಯಾಹ್ನ ಹಾಳು, ಅಷ್ಟೇ ತಾನೆ? ಆದರೆ ಆಚೆ ಮೇಜಿನಲ್ಲಿ ಇಬ್ಬರು ಸಹಾಯಕಿಯರು ಕೂತಿದ್ದರು. ಯಾಕೆ ನಿಲ್ಲಿಸಿದಿರಿ ಎಂದು ಕೇಳುತ್ತಾರೆ. ಕದಡಲಿಲ್ಲ ಎಂದು ಹೇಳಬೇಕು. ಕದಡಪ್ಪನೇ ಕದಡಲಿಲ್ಲವಂತೆ! ವರ್ಷವಿಡೀ ಕ್ಯಾಂಟೀನಿನಲ್ಲಿ ಇದೇ ನಗೆಯಾಗುತ್ತದೆ. ಬೇರೆ ಕಾರಣಗಳನ್ನು ಅವನು ಆಮೇಲೆ ಎಷ್ಟೋ ಹೊಂದಿಸಿಕೊಂಡ, ಕಂಪನಿಯವರು ವರದಿಗೆ ಕಾಯುತ್ತಿದ್ದರು, ಹಲ್ಲಿನ ತುಂಡುಗಳು ಹಾಳಾಗುತ್ತಿದ್ದವು ಎಂದೆಲ್ಲ. ಅವೆಲ್ಲ ಬರಿಯ ಬೂಟಾಟಿಕೆ. ನಾಲ್ಕು ಜನ ನಗುತ್ತಾರೆಂದು ಹೆದರಿದ, ನಿಜವೆಂದರೆ ಅದೊಂದೇ. ಸ್ವಲ್ಪ ತಾನೆ ಎಂದುಕೊಂಡು ಬೆರಳಿನಿಂದ ಆ ಬಿಳುಪನ್ನು ಕೆರೆದ, ನಲ್ಲಿಯನ್ನು ಜೋರಾಗಿ ತಿರುಗಿಸಿದ, ಜಾಡಿಯನ್ನು ಬೋರಲು ಹಾಕಿ ಬಂದ.

ಫಲಿತಾಂಶ ಎಪ್ಪತ್ತೊಂದು. ಎಂಟಕ್ಕೆ ಎಂಟು ಟ್ರೇಯೂ ಒಂದೇ ಮಾತು ಹೇಳಿದವು, ಯಾಕೆಂದರೆ ಎಂಟಕ್ಕೂ ಹೋದದ್ದು ಅದೇ ತೆಳಿ. ಮೊದಲಿನ ಪುಡಿ ಸರಿ, ಕೊನೆಯ ಪುಡಿ ಸರಿ. ಕಾಗದದ ಮೇಲೆ ಎಲ್ಲಿಯೂ ಕಪ್ಪು ಚುಕ್ಕೆ ಇಲ್ಲ. ಜಾಡಿಯ ತಳದಲ್ಲಿ ಏನಿತ್ತು ಎಂದು ಬರೆಯಲು ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಅವನು ಸಹಿ ಹಾಕಿದ. ಮೊದಮೊದಲು ಒಂದು ವಾರ ಕಸಿವಿಸಿಯಾಯಿತು, ಆಮೇಲೆ ಮರೆತ. ಮರೆತೆ ಎಂದೇ ಅವನು ನಂಬಿದ್ದ.

ನಾಲ್ಕು ತಿಂಗಳಲ್ಲಿ ನೀಲಿ ಮುಚ್ಚಳದ ಪೇಸ್ಟು ಅಂಗಡಿಗೆ ಬಂತು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಸೂಕ್ಷ್ಮ ಹಲ್ಲಿಗೂ ಮೃದು' ಎಂದಿತ್ತು, ಅದರ ಕೆಳಗೆ ಸಣ್ಣಕ್ಷರದಲ್ಲಿ 'ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ' ಎಂದು. ಅಕ್ಕ ಸಣ್ಣಕ್ಷರವನ್ನೇ ಮೊದಲು ಓದುವ ಜಾತಿ. ಅವನು ಮನೆಗೆ ಬಂದಾಗ ಪೆಟ್ಟಿಗೆಯನ್ನು ಅವನ ಮುಖಕ್ಕೆ ಹಿಡಿದು, ಇದನ್ನು ಪರೀಕ್ಷೆ ಮಾಡಿದ್ದು ನೀನೇನೋ ಎಂದು ಕೇಳಿದಳು. ಯಾರ ಪೇಸ್ಟು ತಮ್ಮಲ್ಲಿಗೆ ಬಂತೆಂದು ಹೊರಗೆ ಹೇಳುವ ಹಾಗಿಲ್ಲ. ಅವನು ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ, ಗಂಟಲಲ್ಲಿ ಏನೋ ಸದ್ದು ಮಾಡಿ ನೀರು ಕೇಳಿದ. ಅಕ್ಕನಿಗೆ ಅಷ್ಟು ಸಾಕಾಯಿತು.

ಅವಳ ವಸಡು ಆಗಲೇ ಸರಿದಿತ್ತು, ಹಲ್ಲಿನ ಬೇರು ಕಾಣುತ್ತಿತ್ತು. ಮೃದು ಅನ್ನುವುದು ಅವಳಿಗೇ ಬರೆದ ಹಾಗಿತ್ತು. ಮೃದುವಾದದ್ದಲ್ಲವೇ ಎಂದು ಎರಡು ಹೊತ್ತಿನದನ್ನು ಮೂರು ಹೊತ್ತು ಮಾಡಿದಳು. ಅಷ್ಟಕ್ಕೇ ನಿಲ್ಲಲಿಲ್ಲ. ಆ ಕಟ್ಟಡದಲ್ಲಿ ಅವಳದನ್ನು ಬಿಟ್ಟು ಏಳು ಮನೆ. ಏಳಕ್ಕೂ ಹೋಗಿ, ನನ್ನ ತಮ್ಮ ಅಳೆದು ನೋಡಿ ಪಾಸು ಮಾಡಿದ ಪೇಸ್ಟು, ಕಣ್ಣು ಮುಚ್ಚಿಕೊಂಡು ಬಳಸಿ ಎಂದು ಹೇಳಿ ಬಂದಳು. ನೀರು ತೊಟ್ಟಿಕ್ಕಿಸುವ ಲೆಕ್ಕದ ಟೀಚರಿಗೂ ಹೇಳಿದಳು. ಜಗಳ ಬೇರೆ, ಹಲ್ಲು ಬೇರೆ.

ಒಂದು ವರ್ಷ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಅವನು ಹೋದಾಗ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕೊರಳಿಗೆ ಒಂದು ಹುರಿದಾರ, ದಾರದ ತುದಿಗೆ ಸಣ್ಣ ಕತ್ತರಿ. ಅದೇನು ಹೊಸ ಆಭರಣ ಎಂದು ಅವನು ನಕ್ಕ. ಯಾಕೆಂದರೆ ಅಕ್ಕ ದಾರಕ್ಕೆ ಕತ್ತರಿ ಹಿಡಿದದ್ದನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಐವತ್ತು ವರ್ಷದಿಂದ ಅವಳ ಹಲ್ಲೇ ಕತ್ತರಿ. ಗಂಟು ಹಾಕಿ, ತಲೆ ಬಗ್ಗಿಸಿ, ಕಟಕ್ ಎಂದು ಕಚ್ಚಿದಳೆಂದರೆ ಒಂದು ಅಂಗಿ ಮುಗಿಯಿತೆಂದು ಅರ್ಥ.

"ಕಚ್ಚೋಕಾಗಲ್ಲ ಕಣೋ. ದಾರ ತಾಗಿದ್ರೆ ನೆತ್ತಿಗೆ ಹತ್ತುತ್ತೆ. ತಣ್ಣೀರಂತೂ ಬಾಯಿಗೆ ಹಾಕೋ ಹಾಗಿಲ್ಲ," ಎಂದಳು ಅಕ್ಕ. ಆಮೇಲೆ ಅವನಿಗೆ ಸಮಾಧಾನ ಹೇಳುವ ಹಾಗೆ, "ವಯಸ್ಸಾಯ್ತಲ್ಲ. ನಿನ್ನ ಪೇಸ್ಟು ಹಾಕದೇ ಇದ್ದಿದ್ರೆ ಇನ್ನೂ ಏನೇನಾಗ್ತಿತ್ತೋ."

ಜಾಡಿಯ ತಳದ ಬಿಳುಪು ಕಣ್ಣೆದುರು ಬಂದು ನಿಂತಿತು. ವರ್ಷದ ಹಿಂದೆ ನಲ್ಲಿಯಲ್ಲಿ ಹೋದದ್ದು ಎಲ್ಲಿಗೂ ಹೋಗಿರಲಿಲ್ಲ. ಬಾಯಿ ತೆಗೆ ನೋಡೋಣ ಎಂದ. ಅವಳು ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ಬಾಯಿ ತೆರೆದಳು. ಮುಂದಿನ ನಾಲ್ಕು ಹಲ್ಲಿನ ಬುಡದಲ್ಲಿ ಕೊಡಲಿಯಿಂದ ಕಚ್ಚು ಹಾಕಿದ ಹಾಗೆ ಗೀರು ಬಿದ್ದಿತ್ತು. ಅಂಥ ಗೀರುಗಳನ್ನು ಇಪ್ಪತ್ತೇಳು ವರ್ಷ ರಾಳದ ಅಚ್ಚಿನ ಮೇಲೆ ನೋಡಿದ್ದವನು ಮೊದಲ ಸಲ ಬಾಯೊಳಗೆ ನೋಡಿದ. ಅಕ್ಕ ಬಾಯಿ ಮುಚ್ಚಿ, ಏನಂತೆ ಡಾಕ್ಟ್ರೇ ಎಂದು ಕೀಟಲೆ ಮಾಡಿದಳು. ಅವನು ಬಚ್ಚಲಿಗೆ ಹೋಗಿ ನೀಲಿ ಮುಚ್ಚಳದ ಟ್ಯೂಬನ್ನು ಜೇಬಿಗೆ ಹಾಕಿಕೊಂಡು, ಸ್ವಲ್ಪ ದಿನ ಬರಿಯ ನೀರಲ್ಲಿ ಉಜ್ಜು ಎಂದಷ್ಟೇ ಹೇಳಿ ಹೊರಟು ಬಂದ.

ಹಲ್ಲಿನ ವೈದ್ಯರ ಬಳಿಗೆ ಅವನೇ ಕರೆದುಕೊಂಡು ಹೋದ. ಅವರು ಬ್ರಷ್ಷು ಬಿರುಸು, ಕೈ ಬಿರುಸು, ಪೇಸ್ಟೂ ಬಿರುಸಿರಬೇಕು ಎಂದರು. ಕೈ ಬಿರುಸು ಅನ್ನುವ ಮಾತನ್ನು ಅವನು ಗಬಕ್ಕನೆ ಹಿಡಿದುಕೊಂಡ. ನೋಡು, ಎಲ್ಲ ಪೇಸ್ಟಿನದೇ ತಪ್ಪಲ್ಲ. ಮೂರು ಹೊತ್ತು ಉಜ್ಜು ಎಂದು ನಾನು ಹೇಳಿದ್ದೆನೆ? ಅಕ್ಕನ ಕೈಯೇ ಹಾಗೆ, ಪಾತ್ರೆ ತಿಕ್ಕಿದ ಹಾಗೆ ಹಲ್ಲು ತಿಕ್ಕುತ್ತಾಳೆ. ಹೀಗೆ ನಾಲ್ಕು ದಿನ ತನ್ನ ಪರವಾಗಿ ತಾನೇ ವಾದ ಮಾಡಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದಿರಲಿಲ್ಲ, ಇವನು ಆಗಲೇ ಹೆಗಲು ಒರೆಸಿಕೊಳ್ಳುತ್ತಿದ್ದ.

ಪರೀಕ್ಷೆಗೆ ಬಂದ ಪೇಸ್ಟಿನ ಎರಡು ಟ್ಯೂಬನ್ನು ಎರಡು ವರ್ಷ ಕಪಾಟಿನಲ್ಲಿ ಎತ್ತಿಡುವುದು ಪ್ರಯೋಗಾಲಯದ ಪದ್ಧತಿ. ಶನಿವಾರ ಎಲ್ಲರೂ ಹೊರಟ ಮೇಲೆ ಅವನು ಅದರಲ್ಲೊಂದನ್ನು ತೆಗೆದ. ಮೊದಲು ಪುಡಿ, ನಡುವೆ ಪೇಸ್ಟು, ಕೊನೆಗೆ ಪುಡಿ. ಈ ಸಲ ಕದಡಿದ. ಸುರಿಯುವ ಮೊದಲು ಕದಡಿದ, ಒಂದು ಟ್ರೇಗೂ ಇನ್ನೊಂದು ಟ್ರೇಗೂ ನಡುವೆ ಕದಡಿದ, ಮೊಣಕೈ ನೋಯುವವರೆಗೆ ಕದಡಿದ. ಸೂಜಿ ನಡೆಯಿತು. ನೂರ ಎಂಬತ್ತಾರು.

ಇನ್ನೂರೈವತ್ತರ ಒಳಗೇ ಇದೆಯಲ್ಲ ಎಂದು ಒಳಗೊಂದು ದನಿ ತಟ್ಟನೆ ಹೇಳಿತು. ಮೇರೆ ದಾಟಿಲ್ಲ, ಮಾರಲು ಅಡ್ಡಿಯಿಲ್ಲ. ಹೌದು, ಆದರೆ ಮೃದು ಎಂದು ಬರೆಯಲು ಅಡ್ಡಿಯಿತ್ತು. ಆ ಎರಡಕ್ಷರವನ್ನು ಪೆಟ್ಟಿಗೆಯ ಮೇಲೆ ಬರೆಸಿದ್ದು ಇವನ ಸಹಿ. ಅವನು ಸೂಜಿಯ ಗೆರೆ ಬಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಸೋಮವಾರ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂಗೆ ಹೇಳಬೇಕೆಂದುಕೊಂಡ. ಸೋಮವಾರ ಹೋಯಿತು. ಮಂಗಳವಾರ ಮೇಡಂ ರಜೆಯಲ್ಲಿದ್ದರು, ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಆ ಸಂತೋಷಕ್ಕೇ ನಾಚಿಕೆಯಾಯಿತು. ಪ್ರತಿ ದಿನ ಅಂಗಿ ಬದಲಾಗುತ್ತಿತ್ತು, ಕಾಗದ ಮಾತ್ರ ಹಳೆಯ ಜೇಬಿನಿಂದ ಹೊಸ ಜೇಬಿಗೆ ಹೋಗುತ್ತಿತ್ತು.

ಕಂಡುಹಿಡಿದವಳು ಹೆಂಡತಿ, ಅದೂ ಕಾಗದದಿಂದಲ್ಲ. ಏನಾಯ್ತು ನಿಮಗೆ, ಒಂದು ವಾರದಿಂದ ಟೀ ಕದಡದೇ ಕುಡೀತಿದ್ದೀರಿ ಎಂದು ಒಂದು ಬೆಳಿಗ್ಗೆ ಕೇಳಿದಳು. ಅವನು ಲೋಟ ನೋಡಿದ. ಸಕ್ಕರೆ ತಳದಲ್ಲಿ ಕೂತಿತ್ತು. ಅವತ್ತು ಬಸ್ಸಿಗೂ ಕಾಯದೆ ನಡೆದೇ ಪ್ರಯೋಗಾಲಯಕ್ಕೆ ಹೋದ.

ಅಲ್ಲಿನ ಮುಖ್ಯಸ್ಥೆ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ಮೊದಲ ಕೆಲಸಕ್ಕೆ ಬಂದಾಗ ಅವನ ಕೈಕೆಳಗೇ ಪಳಗಿದವರು, ಈಗ ಎಲ್ಲರಿಗೂ ಮೇಡಂ. ಆದರೂ ಅವನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು. ಅವನು ಕೂರಲಿಲ್ಲ. ಜೇಬಿನ ಕಾಗದವನ್ನು ಬಿಡಿಸಿ ಅವರ ಮೇಜಿನ ಮೇಲಿಟ್ಟು, ಮಡಿಕೆಗಳನ್ನು ಅಂಗೈಯಿಂದ ಸರಿಮಾಡುತ್ತ ನಡೆದದ್ದನ್ನು ಹೇಳಿದ. ಫೋನಿನ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಅದನ್ನು ಹೇಳಿದರೆ ಪಾಲು ಅಕ್ಕನ ತಲೆಗೂ ಹೋಗುತ್ತದೆ. ಅವನ ಪರವಾಗಿ ಹೇಳಬಹುದಾದ ಒಳ್ಳೆಯ ಮಾತು ಈ ಕಥೆಯಲ್ಲಿ ಅದೊಂದೇ.

ಮೇಡಂ ಹಳೆಯ ವರದಿಯನ್ನು ತೆಗೆದು, ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಆವತ್ತೇ ಗೊತ್ತಿತ್ತಾ ಮೇಷ್ಟ್ರೇ?"

"ಜಾಡಿ ತಳದಲ್ಲಿ ನೋಡಿದ್ದೆ."

"ನೋಡಿದ್ದನ್ನ ಬರೀಬೇಕು ಅಂತ ನಂಗೆ ಹೇಳಿಕೊಟ್ಟವರು ಯಾರು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಬಾಗಿಲು ದಡಾರನೆ ಹಾಕಿಕೊಂಡು ಹೋಗಬಹುದಿತ್ತು. ಮೇಡಂ ಬೈಯಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು, ಅದನ್ನು ಅಡಗಿಸಲು ಕನ್ನಡಕ ಒರೆಸಿಕೊಂಡರು. ಅವನಿಗೆ ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ಮೇಡಂ ಆಮೇಲೆ ಮಾಡಬೇಕಾದದ್ದನ್ನು ಒಂದೊಂದಾಗಿ ಮಾಡಿದರು. ಬೇರೆಯವರ ಕೈಯಿಂದ ಮತ್ತೆ ಪರೀಕ್ಷೆ ಮಾಡಿಸಿದರು. ನೂರ ಎಂಬತ್ತನಾಲ್ಕು ಬಂತು. ಹಳೆಯ ವರದಿ ತಪ್ಪೆಂದು ಕಂಪನಿಗೆ ಬರೆದರು, ಕಂಪನಿಯವರು ಕೂಗಾಡಿದರು, ಕೊನೆಗೆ ಪೆಟ್ಟಿಗೆಯ ಮೇಲಿನ ಮೃದು ಅನ್ನುವ ಮಾತನ್ನು ತೆಗೆಯಲು ಒಪ್ಪಿದರು. ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದವನನ್ನು ಕೆಲಸದಿಂದ ತೆಗೆಯಲಿಲ್ಲ. ವರದಿಗೆ ಸಹಿ ಹಾಕುವ ಅಧಿಕಾರ ಮಾತ್ರ ತೆಗೆದರು. ಪರೀಕ್ಷೆಯ ಕ್ರಮವನ್ನು ಬರೆದ ಪುಸ್ತಕಕ್ಕೆ ಒಂದು ಹೊಸ ಸಾಲು ಸೇರಿತು: ಸುರಿದ ಮೇಲೆ ಜಾಡಿಯ ತಳವನ್ನು ಇಬ್ಬರು ನೋಡಿ ಬರೆಯಬೇಕು, ಬರೆಯುವವರೆಗೆ ತೊಳೆಯಬಾರದು. ಆ ಸಾಲನ್ನು ಅವನ ಕೈಯಲ್ಲೇ ಬರೆಸಿದರು. ಅವನ ಅಕ್ಷರ ದುಂಡಗೆ, ಯಾರಿಗಾದರೂ ಗುರುತು ಸಿಗುವಂಥದ್ದು. ಯಾರು ನಗುತ್ತಾರೆಂದು ಹೆದರಿ ಅವನು ಅಷ್ಟೆಲ್ಲ ಮಾಡಿದ್ದನೋ ಆ ಸಹಾಯಕಿಯರು ನಗಲಿಲ್ಲ. ಅವನ ಎದುರಿಗೆ ಕದಡಪ್ಪ ಎಂದು ಕರೆಯುವುದನ್ನೂ ನಿಲ್ಲಿಸಿದರು. ಅದೇ ಹೆಚ್ಚು ನೋಯಿಸಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಇವನದು ಒಂದು ಬೆರಳಿನಷ್ಟು ಬಿಳಿ ಪುಡಿಗೆ ಹೋಗಿತ್ತು.

ಇನ್ನು ಉಳಿದವಳು ಅಕ್ಕ.

ಅವಳಿಗೆ ಹೇಳಲು ಅವನು ಒಂದು ಭಾನುವಾರ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಬಾಗಿಲಲ್ಲೇ ಎಲ್ಲ ಮರೆತುಹೋಯಿತು. ಆ ಪೇಸ್ಟು ಮೃದು ಅಲ್ಲ ಅಕ್ಕ, ನಾನು ಕದಡಲು ಮರೆತಿದ್ದೆ, ಅಳತೆ ತಪ್ಪಿತು ಎಂದು ಒಂದೇ ಉಸಿರಿಗೆ ಹೇಳಿದ. ಮರೆತಿದ್ದೆ ಅನ್ನುವುದು ಸುಳ್ಳಲ್ಲ. ಜಾಡಿಯ ತಳದಲ್ಲಿ ಕಂಡದ್ದನ್ನು, ತೊಳೆದದ್ದನ್ನು ಹೇಳಲಿಲ್ಲ. ಮೇಡಂ ಮುಂದೆ ಹೇಳಿದ ಬಾಯಿ ಅಕ್ಕನ ಮುಂದೆ ಅರ್ಧಕ್ಕೇ ಮುಚ್ಚಿಕೊಂಡಿತು.

ಅಕ್ಕ ಹೊಲಿಗೆ ನಿಲ್ಲಿಸಿ ಕೇಳಿದಳು. ತನ್ನ ಹಲ್ಲಿನ ವಿಷಯ ಎತ್ತಲೇ ಇಲ್ಲ. ಎದ್ದು, ಒಂದು ಬಟ್ಟೆಯ ಚೀಲ ಕೊಡವಿ ಅವನ ಕೈಗೆ ಕೊಟ್ಟಳು.

"ನಡಿ."

"ಎಲ್ಲಿಗೆ?"

"ಏಳು ಮನೆಗೆ. ನಾನೇ ತಾನೆ ಹೇಳಿ ಬಂದಿದ್ದು."

ಅವನಿಗೆ ಅರ್ಥವಾಯಿತು. ಎಂಟು ವರ್ಷದವನಿದ್ದಾಗ ಬೀದಿಯ ಸೈಕಲ್ಲುಗಳ ಗಂಟೆಯ ಮುಚ್ಚಳಗಳನ್ನು ತಿರುಪಿ ಬಿಚ್ಚಿ, ಹಾಸಿಗೆಯ ಕೆಳಗೆ ಗುಡ್ಡೆ ಹಾಕಿದ್ದ. ಅಕ್ಕ ಕಂಡುಹಿಡಿದವಳು ಹೊಡೆಯಲಿಲ್ಲ. ಮುಚ್ಚಳಗಳನ್ನು ಇಂಥದೇ ಚೀಲಕ್ಕೆ ತುಂಬಿ ಮನೆಮನೆಗೂ ಕರೆದುಕೊಂಡು ಹೋಗಿದ್ದಳು. ಪ್ರತಿ ಬಾಗಿಲಲ್ಲೂ ಅವನನ್ನು ಮುಂದೆ ನಿಲ್ಲಿಸಿ, ತಾನು ಒಂದು ಹೆಜ್ಜೆ ಹಿಂದೆ ನಿಂತು, ಬೆನ್ನಿಗೆ ಬೆರಳಿನಿಂದ ತಿವಿದು, ಹೇಳು ಎನ್ನುತ್ತಿದ್ದಳು.

ಈಗಲೂ ಹಾಗೆಯೇ. ತಲೆ ನರೆತವನು ಮುಂದೆ, ಮಂಡಿನೋವಿನ ಅಕ್ಕ ಹಿಂದೆ. ಮೊದಲನೇ ಮನೆ ಎದುರಿಗೇ ಇತ್ತು, ದರ್ಜಿಯ ಸಾಮಾನು ಮಾರುವವರದು. ಬಾಗಿಲು ತೆರೆಯಿತು, ಬೆನ್ನಿಗೆ ಬೆರಳು ತಾಗಿತು. ಪೇಸ್ಟಿನ ಅಳತೆಯಲ್ಲಿ ನನ್ನಿಂದ ತಪ್ಪಾಯಿತು, ಕದಡಲು ಮರೆತೆ, ಅದನ್ನು ಬಳಸಬೇಡಿ ಎಂದ. ಅಯ್ಯೋ ಬಿಡಿ, ಅದೇನು ಮಹಾ ಎಂದು ಅವರು ನಕ್ಕು ಟ್ಯೂಬು ತಂದುಕೊಟ್ಟರು. ಎರಡನೇ ಮನೆಯಲ್ಲೂ ಅದೇ, ಮೂರನೆಯದರಲ್ಲೂ ಅದೇ. ಒಬ್ಬರು ಟೀ ಕುಡಿದು ಹೋಗಿ ಎಂದರು. ನಾಲ್ಕನೇ ಮನೆಯ ಮುದುಕರು ತಮಗೆ ಹಲ್ಲೇ ಇಲ್ಲವೆಂದೂ, ಅಕ್ಕನ ಮಾತು ಮೀರಲಾರದೆ ಕಟ್ಟಿಸಿಕೊಂಡ ಹಲ್ಲಿಗೇ ಹಚ್ಚುತ್ತಿದ್ದೆನೆಂದೂ ಹೇಳಿದರು. ಚೀಲ ತುಂಬುತ್ತ ಹೋಯಿತು. ಎಲ್ಲರೂ ಸುಲಭವಾಗಿ ಕ್ಷಮಿಸಿದರು, ಮರೆವು ಯಾರಿಗಿಲ್ಲ ಎಂದರು. ಪ್ರತಿ ಕ್ಷಮೆಗೂ ಅವನ ಕುತ್ತಿಗೆ ಇನ್ನಷ್ಟು ಕುಗ್ಗುತ್ತಿತ್ತು. ಅವರು ಕ್ಷಮಿಸುತ್ತಿದ್ದದ್ದು ಅವನು ಮಾಡಿದ ತಪ್ಪನ್ನಲ್ಲ, ಅದಕ್ಕಿಂತ ಚಿಕ್ಕದೊಂದನ್ನು.

ಲೆಕ್ಕದ ಟೀಚರ ಮನೆಯನ್ನು ಅಕ್ಕ ಕೊನೆಗೆ ಉಳಿಸಿದ್ದಳು. ಜಗಳದ ಮನೆಯ ಮುಂದೆ ತಲೆ ತಗ್ಗಿಸುವುದು ಅವಳಿಗೂ ಸುಲಭವಲ್ಲ. ಬಾಗಿಲು ತೆರೆದ ಟೀಚರ್ ಅವನ ಮಾತನ್ನು ಪೂರ್ತಿ ಕೇಳಿದರು. ನಗಲಿಲ್ಲ, ಬಿಡಿ ಎನ್ನಲೂ ಇಲ್ಲ. ಉತ್ತರ ಮಾತ್ರ ಬರೆದು ವಿಧಾನ ಬರೆಯದ ವಿದ್ಯಾರ್ಥಿಯನ್ನು ನೋಡುವ ಹಾಗೆ ಅವನನ್ನು ನೋಡಿದರು. ಮರೆತದ್ದು ನಿಮಗೆ ಯಾವಾಗ ಗೊತ್ತಾಯಿತು ಎಂದು ಕೇಳಿದರು.

ಈಗ ಮೊನ್ನೆ ಎಂದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಅದು ಬಂದೂ ಇತ್ತು.

ಬೆನ್ನಿಗೆ ಬೆರಳು ತಾಗಿತು. "ಪೂರ್ತಿ ಹೇಳೋ," ಎಂದಳು ಅಕ್ಕ ಹಿಂದಿನಿಂದ. ಅವಳಿಗೆ ಗೊತ್ತಿದ್ದು ಹೇಳಿದಳೋ, ಎಂಟು ವರ್ಷದವನ ಬೆನ್ನು ಏನನ್ನಾದರೂ ಮುಚ್ಚಿಟ್ಟಾಗ ಹೇಗಿರುತ್ತದೆಂದು ಆ ಬೆರಳಿಗೆ ನೆನಪಿತ್ತೋ.

"ಆವತ್ತೇ ಗೊತ್ತಾಯ್ತು ಟೀಚರ್," ಎಂದ ಅವನು. "ಜಾಡಿ ತಳದಲ್ಲಿ ಬಿಳುಪು ಕೂತಿತ್ತು. ಯಂತ್ರ ನಿಲ್ಲಿಸಬಹುದಿತ್ತು. ನಗ್ತಾರೆ ಅಂತ ನಿಲ್ಲಿಸಲಿಲ್ಲ. ತೊಳೆದುಬಿಟ್ಟು ಸಹಿ ಹಾಕಿದೆ."

ಬೆನ್ನ ಮೇಲಿನ ಬೆರಳು ಸರಿಯಿತು. ಟೀಚರ್ ಒಳಗೆ ಹೋಗಿ, ಅರ್ಧ ಮುಗಿದ ಟ್ಯೂಬನ್ನು ತಂದು ಚೀಲಕ್ಕೆ ಹಾಕಿ, ಹೇಳಿದ್ದು ಒಳ್ಳೆಯದಾಯಿತು ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರು.

ಅಕ್ಕ ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು, ಅವನಿಗಾಗಿ ಕಾಯಲಿಲ್ಲ. ಅವನು ಮನೆಯೊಳಗೆ ಬಂದಾಗ ಹೊಲಿಗೆ ಯಂತ್ರದ ಮುಂದೆ ಕೂತು, ಬಿಟ್ಟಿದ್ದ ಅಂಗಿಯನ್ನು ಎತ್ತಿಕೊಂಡಿದ್ದಳು. ಕೊನೆಯ ಗುಂಡಿ ಹೊಲಿದು ಗಂಟು ಹಾಕಿ, ಅಭ್ಯಾಸಬಲದಿಂದ ತಲೆ ಬಗ್ಗಿಸಿ ದಾರವನ್ನು ಬಾಯಿಗೆ ತಂದಳು. ಮುಖ ಕಿವುಚಿತು. ದಾರ ಬಿಟ್ಟು, ಕೊರಳಿನ ಕತ್ತರಿಯನ್ನು ತಡಕಿ ಹಿಡಿದು ಕತ್ತರಿಸಿದಳು. ಅವನ ಕಡೆ ನೋಡಲಿಲ್ಲ.

"ಗಂಟೆ ಮುಚ್ಚಳ ಕದ್ದಾಗ ನಿಂಗೆ ಎಂಟು ವರ್ಷ," ಎಂದಳು. "ಆವತ್ತು ಮೊದಲನೇ ಮನೇಲೇ ಪೂರ್ತಿ ಹೇಳಿದ್ದೆ."

ಅವನು ಚೀಲವನ್ನು ಬಾಗಿಲ ಪಕ್ಕ ಇಟ್ಟ. ಅಕ್ಕ ಇನ್ನೊಂದು ಅಂಗಿ ಎತ್ತಿಕೊಂಡಳು. ಆಮೇಲೆ ಅವನು ಚಪ್ಪಲಿ ಮೆಟ್ಟಿ ಹೊರಗೆ ಬಂದು, ಎದುರಿನ ಮನೆಯ ಗಂಟೆಯನ್ನು ಮತ್ತೆ ಒತ್ತಿದ. ಈ ಸಲ ಬೆನ್ನ ಹಿಂದೆ ಯಾರೂ ಇರಲಿಲ್ಲ.